ಹಳೇ ಹುಚ್ಚಾಸ್ಪತ್ರೆ ವರದಿಗಳಲ್ಲಿ 'ಕಾರಣ: ಗಾಂಜಾ' ಅಂತ ಬರೆದದ್ದು ಯಾರು?

ಕಡತಪ್ರಿಯ
ಎಲ್ಲರಿಗೂ ನಮಸ್ಕಾರ. ಈಚೆಗೆ ಬಾಂಬೆ ಪ್ರೆಸಿಡೆನ್ಸಿಯ ಹುಚ್ಚಾಸ್ಪತ್ರೆಗಳ ವಾರ್ಷಿಕ ವರದಿಗಳನ್ನು ಓದ್ತಿದ್ದೀನಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು ಸ್ಕ್ಯಾನ್ ಮಾಡಿ ಉಚಿತವಾಗಿ ಓದೋಕೆ ಇಟ್ಟಿದ್ದಾರೆ. ಕೊಲಾಬಾ, ಪುಣೆ, ಅಹಮದಾಬಾದ್, ಸಿಂಧ್‌ನ ಹೈದರಾಬಾದ್ ಇವುಗಳ ಸಾಲಲ್ಲೇ ನಮ್ಮ ಧಾರವಾಡವೂ ಇದೆ.

ವರದಿಗಳ ಹಿಂಭಾಗದಲ್ಲಿ ಒಂದು ಕೋಷ್ಟಕ ಬರುತ್ತೆ: ಯಾರಿಗೆ ಯಾವ ಕಾರಣದಿಂದ ಹುಚ್ಚು ಹಿಡೀತು ಅಂತ. ಒಂದು ಕಡೆ ದೈಹಿಕ ಕಾರಣ (ಜ್ವರ, ಮೂರ್ಛೆರೋಗ, ಹೆಂಡ, ಗಾಂಜಾ), ಇನ್ನೊಂದು ಕಡೆ ಮಾನಸಿಕ ಕಾರಣ (ದುಃಖ, ಆಸ್ತಿ ನಷ್ಟ, ಭಯ). ದೊಡ್ಡ ಪಾಲು 'ಗೊತ್ತಿಲ್ಲ' ಅನ್ನೋದಕ್ಕೆ ಹೋಗುತ್ತೆ. ಗೊತ್ತಿರೋ ಕಾರಣಗಳಲ್ಲಿ ನಾನು ನೋಡಿದ ವರದಿಗಳಲ್ಲೆಲ್ಲ ಗಾಂಜಾ ಎದ್ದು ಕಾಣುತ್ತೆ.

ನನ್ನ ಪ್ರಶ್ನೆ ಎರಡು. ಒಂದು, ಆ ಕಾಲಂ ತುಂಬಿದ್ದು ಯಾರು? ಡಾಕ್ಟರು ರೋಗಿಯನ್ನು ಕೂರಿಸಿಕೊಂಡು ಕೇಳ್ತಿದ್ರಾ? ಎರಡು, ಈ ಜಾಗಗಳು ದಿನನಿತ್ಯ ಹೇಗೆ ನಡೀತಿದ್ವು? ವರದಿಯಲ್ಲಿ ಒಬ್ಬೊಬ್ಬ ರೋಗಿಯ ಊಟಕ್ಕೆ ಎಷ್ಟು ಖರ್ಚು, ತೋಟದ ತರಕಾರಿಯಿಂದ ಎಷ್ಟು ಉಳಿತಾಯ ಅನ್ನೋದು ಪೈಸೆ ಲೆಕ್ಕದಲ್ಲಿ ಸಿಗುತ್ತೆ. ಒಬ್ಬ ರೋಗಿ ಆಡಿದ ಒಂದು ಮಾತು ಸಿಗಲ್ಲ. ಅದು ನನ್ನನ್ನ ತುಂಬಾ ಕಾಡ್ತಿದೆ.

ಕರಿಕೋಟು
ಮೊದಲನೇ ಪ್ರಶ್ನೆಗೆ ಉತ್ತರ ಕಾನೂನಲ್ಲೇ ಇದೆ. 1858ರಲ್ಲಿ, ಕಂಪನಿ ಕೈಯಿಂದ ರಾಣಿಯ ಕೈಗೆ ಆಡಳಿತ ಹೋದ ವರ್ಷವೇ, ಹುಚ್ಚಿನ ಬಗ್ಗೆ ಮೂರು ಕಾಯ್ದೆ ಬಂದ್ವು: 34, 35, 36ನೇ ನಂಬರಿನವು. ಮೊದಲೆರಡು ಆಸ್ತಿ ಇರೋರ ಬಗ್ಗೆ. ಆಸ್ತಿ ಯಾರು ನೋಡ್ಕೋಬೇಕು, ಕೋರ್ಟು ಹೇಗೆ ವಿಚಾರಣೆ ಮಾಡಬೇಕು ಅಂತ. 36ನೇದು ಆಸ್ಪತ್ರೆಗಳದ್ದು. ಅದರ ಪ್ರಕಾರ, ಬೀದಿಯಲ್ಲಿ ಅಲೆಯುವ ಹುಚ್ಚರು ಅಂತ ಕಂಡವರನ್ನು ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ತರೋದು ಪೊಲೀಸರ ಕರ್ತವ್ಯ. ಮ್ಯಾಜಿಸ್ಟ್ರೇಟರು ವೈದ್ಯಾಧಿಕಾರಿಯ ಸಹಾಯದಿಂದ ಪರೀಕ್ಷೆ ಮಾಡಿ, ಸರ್ಟಿಫಿಕೇಟ್ ಸಿಕ್ಕರೆ ಒಳಗೆ ಕಳಿಸೋ ಆದೇಶ ಕೊಡಬೇಕು.

ಅಂದ್ರೆ ಬಹುಪಾಲು ಜನ ಆಸ್ಪತ್ರೆಗೆ ಬಂದದ್ದು ಮನೆಯಿಂದಲ್ಲ, ಠಾಣೆಯಿಂದ. ಜೊತೆಗೆ ಒಂದು ವಿವರಣಾ ಪಟ್ಟಿ ಬರ್ತಿತ್ತು: ಹೆಸರು, ಜಾತಿ, ವಯಸ್ಸು, ಎಷ್ಟು ದಿನದಿಂದ ಹುಚ್ಚು, ಕಾರಣ ಏನು. ಅದನ್ನ ತುಂಬಿದ್ದು ಕರ್ಕೊಂಡು ಬಂದ ಪೊಲೀಸು.

ಗಡಿನಾಡ ಗುಬ್ಬಿ
ಪೊಲೀಸಪ್ಪ ಮಾಡಿದ ರೋಗನಿರ್ಣಯ!! ಅದೇ ಮುಂದೆ ಸರ್ಕಾರಿ ಅಂಕಿಅಂಶ ಆಯ್ತು ಅಂದ್ರೆ ಎಂಥ ಅನ್ಯಾಯ.

ಇತಿಹಾಸದ ಹಿಂದೆ
@ಗಡಿನಾಡ ಗುಬ್ಬಿ, ಇದು ಊಹೆಯಲ್ಲ, ಆ ಕಾಲದ ಸರ್ಕಾರವೇ ತನಿಖೆ ಮಾಡಿ ಒಪ್ಪಿಕೊಂಡ ವಿಷಯ. 1893ರಲ್ಲಿ ಗಾಂಜಾ, ಚರಸ್, ಭಂಗಿಗಳ ಬಗ್ಗೆ ಒಂದು ಆಯೋಗ ರಚನೆ ಆಯ್ತು, ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಪಾನವಿರೋಧಿ ಸದಸ್ಯರು ಗಾಂಜಾದಿಂದ ಭಾರತದ ಹುಚ್ಚಾಸ್ಪತ್ರೆಗಳು ತುಂಬಿ ಹೋಗಿವೆ ಅಂತ ಗಲಾಟೆ ಎಬ್ಬಿಸಿದ್ರು, ಅದಕ್ಕೇ ಈ ಆಯೋಗ. ಅಧ್ಯಕ್ಷ ಮ್ಯಾಕ್‌ವರ್ತ್ ಯಂಗ್, ಸದಸ್ಯರಲ್ಲಿ ಮೂವರು ಭಾರತೀಯರು. 1,193 ಸಾಕ್ಷಿಗಳನ್ನು ವಿಚಾರಿಸಿದ್ರು.

ಅವರು ಮಾಡಿದ ಒಳ್ಳೆ ಕೆಲಸ ಏನಂದ್ರೆ, 1892ನೇ ಒಂದು ವರ್ಷದಲ್ಲಿ 'ಗಾಂಜಾದಿಂದ ಹುಚ್ಚು' ಅಂತ ದಾಖಲಾದ 222 ಜನರ ಕಡತಗಳನ್ನೂ ಒಂದೊಂದಾಗಿ ಬಿಚ್ಚಿ, ಅವರ ಊರಲ್ಲಿ ಮರುವಿಚಾರಣೆ ಮಾಡಿಸಿದ್ರು. ಮನೆಯವರನ್ನ, ನೆರೆಹೊರೆಯವರನ್ನ ಕೇಳಿಸಿದ್ರು. ಗಾಂಜಾಕ್ಕೂ ಹುಚ್ಚಿಗೂ ಏನಾದ್ರೂ ನಂಟು ಹೇಳಬಹುದಾಗಿದ್ದು 98 ಜನರಲ್ಲಿ ಮಾತ್ರ, ಅದರಲ್ಲೂ ಕೆಲವರಿಗೆ ಬೇರೆ ಕಾರಣಗಳೂ ಸೇರಿದ್ವು. ಆಸ್ಪತ್ರೆಗಳ ಈ ಅಂಕಿಅಂಶ ನಂಬೋಕೆ ಯೋಗ್ಯ ಅಲ್ಲ ಅಂತ 1894ರ ವರದಿಯಲ್ಲಿ ನೇರವಾಗಿ ಬರೆದ್ರು. ಪೊಲೀಸು ಬರೆದದ್ದನ್ನ ಆಸ್ಪತ್ರೆ ರಿಜಿಸ್ಟರಿಗೆ ಇಳಿಸಿಕೊಳ್ತಿದ್ದೆವು ಅಂತ ಸೂಪರಿಂಟೆಂಡೆಂಟರೇ ಸಾಕ್ಷಿ ಹೇಳಿದ್ದಾರೆ.

ಸೋಮಣ್ಣ_ಹಾಸನ
ಹಾಗಾದ್ರೆ ಗಾಂಜಾ ಸೇದಿದ್ರೆ ಏನೂ ಆಗಲ್ಲ ಅಂತ ಹೇಳ್ತಿದ್ದೀರಾ? ಇದನ್ನ ಓದಿ ಹುಡುಗರು ಅದನ್ನೇ ಹಿಡ್ಕೋತಾರೆ. ನಮ್ಮೂರಲ್ಲಿ ಕಣ್ಣಾರೆ ನೋಡಿದ್ದೀನಿ ಸ್ವಾಮಿ.

ವಾರ್ಡಿನಕ್ಕ
@ಸೋಮಣ್ಣ_ಹಾಸನ ಯಾರೂ ಹಾಗೆ ಹೇಳಿಲ್ಲ. ನಾನು ಮನೋರೋಗ ವಿಭಾಗದಲ್ಲಿ ನರ್ಸ್. ಚಿಕ್ಕ ವಯಸ್ಸಲ್ಲಿ ಶುರು ಮಾಡಿ ವಿಪರೀತ ಸೇದೋರಲ್ಲಿ ಚಿತ್ತವಿಕಲತೆಯ ಅಪಾಯ ಹೆಚ್ಚುತ್ತೆ, ಇವತ್ತಿನ ಸಂಶೋಧನೆ ಅದನ್ನ ಸ್ಪಷ್ಟವಾಗೇ ಹೇಳುತ್ತೆ. ಇಲ್ಲಿನ ಮಾತು ಬೇರೆ. ಒಬ್ಬ ಬೈರಾಗಿ ಬೀದಿಯಲ್ಲಿ ಕೂಗಾಡ್ತಿದ್ದಾನೆ, ಕೈಯಲ್ಲಿ ಚಿಲುಮೆ ಇದೆ. ಅಷ್ಟು ನೋಡಿ 'ಗಾಂಜಾ' ಅಂತ ಬರೆದು ಮುಗಿಸಿದ್ರೆ, ಅವನಿಗೆ ಮೂರ್ಛೆರೋಗ ಇತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ, ವಾರಗಟ್ಟಲೆ ಹಸಿದಿದ್ದನಾ ಅಂತ ಮುಂದೆ ಯಾರೂ ಕೇಳಲ್ಲ. ರೋಗಿಯ ಪೂರ್ವವೃತ್ತಾಂತ ಸರಿಯಾಗಿ ತಗೊಳ್ಳದೇ ಇದ್ರೆ ಇವತ್ತೂ ಇದೇ ಆಗುತ್ತೆ. ನಾವು ಹೊಸಬರಿಗೆ ಕಲಿಸೋ ಮೊದಲ ಪಾಠವೇ ಅದು: ಕರ್ಕೊಂಡು ಬಂದವರ ಮಾತು ಒಂದು, ರೋಗಿಯ ಮಾತು ಇನ್ನೊಂದು, ಎರಡೂ ಬರ್ಕೊಳ್ಳಿ.

ಸಾಧನಕೇರಿ
ಧಾರವಾಡದ ಸುದ್ದಿ ಬಂತಲ್ಲ, ನಾನೂ ಎರಡು ಮಾತು ಹೇಳ್ತೀನ್ರಿ. ನಮ್ಮ ದವಾಖಾನಿ 1845ರಾಗ ಶುರುವಾದದ್ದು. ಬೆಂಗಳೂರಿನವರು ತಮ್ಮದಾ ಹಳೇದು ಅಂತ ತಿಳ್ಕೊಂಡಾರ, ಆದ್ರ ನಮ್ಮದು ಅದಕಿಂತಾ ಒಂದೆರಡು ವರ್ಷ ಹಿರೇದು. ಬೆಳಗಾವಿ, ಕಾರವಾರ, ವಿಜಾಪುರ, ಎಲ್ಲಾ ಕಡಿಯಿಂದ ಮಂದೀನ್ನ ಇಲ್ಲಿಗೇ ತರತಿದ್ರು. ರೈಲು ಬರೂಕಿಂತ ಮೊದಲ ಚಕ್ಕಡಿಯೊಳಗ, ಪೊಲೀಸ್ ಕಾವಲಿನಾಗ. ದಾರಿಯೊಳಗ ರಾತ್ರಿ ಠಾಣೆದಾಗ ಮಲಗಸೂದು. ಒಂದು ವಿಚಾರ ಮಾಡ್ರಿ, ಮೊದಲ ಮನಸ್ಸು ಕೆಟ್ಟ ಮನುಷ್ಯಾ, ಕೈಗೆ ಬೇಡಿ, ಇಷ್ಟು ದೂರದ ಹಾದಿ. ಬಂದು ಮುಟ್ಟೂದ್ರಾಗ ಅವನ ಸ್ಥಿತಿ ಏನಾಗಿರಬೇಕು?

ಇತಿಹಾಸದ ಹಿಂದೆ
ಬಂದ ಸ್ಥಿತಿಯ ಬಗ್ಗೆ ವರದಿಗಳಲ್ಲೇ ಮತ್ತೆ ಮತ್ತೆ ಬರುತ್ತೆ. ಸಾವಿನ ಸಂಖ್ಯೆ ಜಾಸ್ತಿಯಾದಾಗೆಲ್ಲ ಸೂಪರಿಂಟೆಂಡೆಂಟರು ಕೊಡೋ ಸಮಜಾಯಿಷಿ ಒಂದೇ: 'ಒಳಗೆ ಬರುವಾಗಲೇ ಕೃಶವಾಗಿದ್ದರು'. ಭೇದಿ, ಆಮಶಂಕೆ, ಕಾಲರಾ, ರಕ್ತಹೀನತೆ, ಇವೇ ದೊಡ್ಡ ಕೊಲೆಗಡುಕರು. ಹುಚ್ಚಿನಿಂದ ಸತ್ತವರು ಕಡಿಮೆ, ಕೆಟ್ಟ ನೀರಿನಿಂದ ಸತ್ತವರು ಹೆಚ್ಚು.

ಕಾಲೇಜು ರಂಗ
ಮೂಲ ಸಮಸ್ಯೆ ಏನಂದ್ರೆ ಈ ಆಸ್ಪತ್ರೆಗಳೆಲ್ಲ ಜೈಲು ಇಲಾಖೆ ಕೆಳಗೆ ಇದ್ವು. ಜೈಲುಗಳ ಇನ್‌ಸ್ಪೆಕ್ಟರ್ ಜನರಲ್ಲೇ ಇದಕ್ಕೂ ಮುಖ್ಯಸ್ಥ. ಹಾಗಿದ್ದಾಗ ಇನ್ನೇನು ನಿರೀಕ್ಷೆ ಮಾಡೋದು?

ಇತಿಹಾಸದ ಹಿಂದೆ
@ಕಾಲೇಜು ರಂಗ ಎಲ್ಲ ಕಡೆ ಹಾಗಿರಲಿಲ್ಲ. ಉತ್ತರದ ಕೆಲವು ಪ್ರಾಂತ್ಯಗಳಲ್ಲಿ ಜೈಲು ಐಜಿ ಉಸ್ತುವಾರಿ ಇದ್ದದ್ದು ನಿಜ. ಬಾಂಬೆ, ಮದ್ರಾಸ್ ಪ್ರೆಸಿಡೆನ್ಸಿಗಳಲ್ಲಿ ಸರ್ಜನ್ ಜನರಲ್ ಕೆಳಗೆ ವೈದ್ಯಕೀಯ ಇಲಾಖೆಯಲ್ಲೇ ಇದ್ವು. ಕಡತಪ್ರಿಯರು ಓದ್ತಿರೋ ಧಾರವಾಡದ ವರದಿಯೂ ಸರ್ಜನ್ ಜನರಲ್ ಕಚೇರಿಯಿಂದ ಹೊರಟದ್ದೇ.

ಕಾಲೇಜು ರಂಗ
ಇಲಾಖೆ ಯಾವುದಾದರೇನು, ಗೋಡೆ ಅದೇ, ಬೀಗ ಅದೇ. ಸಣ್ಣ ಊರುಗಳಲ್ಲಿ ಸಿವಿಲ್ ಸರ್ಜನ್ ಒಬ್ಬನೇ ಜಿಲ್ಲಾಸ್ಪತ್ರೆ, ಜೈಲು, ಹುಚ್ಚಾಸ್ಪತ್ರೆ ಮೂರನ್ನೂ ನೋಡ್ಕೋತಿದ್ದ. ಬೆಳಿಗ್ಗೆ ಒಂದು ಸುತ್ತು ಹಾಕಿ ಸಹಿ ಮಾಡಿ ಹೋದ್ರೆ ಮುಗೀತು. ಮಿಕ್ಕ ಹೊತ್ತೆಲ್ಲ ಒಳಗಿದ್ದದ್ದು ಒಬ್ಬ ಭಾರತೀಯ ಹಾಸ್ಪಿಟಲ್ ಅಸಿಸ್ಟೆಂಟ್, ಮತ್ತೆ ಕಡಿಮೆ ಸಂಬಳದ ಕಾವಲುಗಾರರು. ಸಂಬಳ ಸಾಲದೆ ಅವರೂ ಬಿಟ್ಟು ಬಿಟ್ಟು ಹೋಗ್ತಿದ್ರು. ವರದಿಗಳಲ್ಲಿ ಆ ದೂರು ಎಲ್ಲ ವರ್ಷವೂ ಇದೆ. ಇನ್ನು ಆಸ್ಪತ್ರೆ ನಿಜವಾಗಿ ನಡೆಸಿದ ಆ ಅಸಿಸ್ಟೆಂಟರ ಹೆಸರು ವರದಿಯ ಕೊನೆಯಲ್ಲಿ ಒಂದು ಸಾಲು ಮೆಚ್ಚುಗೆಯಲ್ಲಿ ಬಂದ್ರೆ ಪುಣ್ಯ.

ಕರಿಕೋಟು
1858ರ 36ನೇ ಕಾಯ್ದೆ ಒಂದು ಒಳ್ಳೆ ಅಂಶವನ್ನೂ ಇಟ್ಟಿತ್ತು, ಅದನ್ನ ಮರೀಬಾರದು. ಪ್ರತಿ ಆಸ್ಪತ್ರೆಗೆ ಕನಿಷ್ಠ ಮೂವರು ವಿಸಿಟರ್‌ಗಳು, ಅಂದ್ರೆ ಹೊರಗಿನಿಂದ ಬಂದು ತಪಾಸಣೆ ಮಾಡೋರು. ಆಮೇಲೆ ಬಂದ 1912ರ ಲುನಸಿ (ಹುಚ್ಚಿನ) ಕಾಯ್ದೆಯ ಪ್ರಕಾರ, ತಿಂಗಳಿಗೊಮ್ಮೆಯಾದರೂ ಇಬ್ಬರು ವಿಸಿಟರ್‌ಗಳು, ಅವರಲ್ಲೊಬ್ಬ ವೈದ್ಯ, ಒಟ್ಟಿಗೆ ಬಂದು ಆಸ್ಪತ್ರೆಯ ಮೂಲೆ ಮೂಲೆ ನೋಡಬೇಕು. ಕಾಗದದ ಮೇಲೆ ಇದು ಗಟ್ಟಿ ರಕ್ಷಣೆ. ಆದ್ರೆ ವಿಸಿಟರ್‌ಗಳೇ ಕಲೆಕ್ಟರು, ಜಡ್ಜು, ಊರಿನ ದೊಡ್ಡ ಕುಳ. ಒಳಗೆ ಸಿಕ್ಕಿಬಿದ್ದ ಕೂಲಿಯವನು ಇವರ ಮುಂದೆ ಬಾಯಿ ಬಿಡ್ತಾನಾ?

ನೇಕಾರ ಮೊಮ್ಮಗ
ಕೆಲಸ ಮಾಡಿಸ್ತಿದ್ರು ಅಂತ ಕೇಳಿದ್ದೀನಿ. ಎಣ್ಣೆ ಗಾಣ, ಮಗ್ಗ, ಬೀಸೋದು, ತೋಟ. ಇದು ಚಿಕಿತ್ಸೆನಾ ಬಿಟ್ಟಿ ಚಾಕರಿನಾ?

ವಾರ್ಡಿನಕ್ಕ
ಎರಡೂ ಇರಬಹುದಲ್ವಾ. ಕೈಗೆ ಕೆಲಸ ಕೊಡೋದು ಒಳ್ಳೇದು ಅಂತ ಯುರೋಪಿನಲ್ಲಿ ಆಗ ಹೊಸ ಅಲೆ ಎದ್ದಿತ್ತು: ಸರಪಳಿ ಬೇಡ, ಹೊಡೆತ ಬೇಡ, ಶಿಸ್ತಿನ ದಿನಚರಿ, ಕೆಲಸ, ಒಳ್ಳೆ ಮಾತು. ಇಲ್ಲಿನ ವರದಿಗಳೂ 'ನಮ್ಮಲ್ಲಿ ಕಟ್ಟಿಹಾಕುವ ಪದ್ಧತಿ ಇಲ್ಲ' ಅಂತ ಹೆಮ್ಮೆಯಿಂದ ಹೇಳ್ಕೋತಿದ್ವು. ಇವತ್ತೂ ನಮ್ಮಲ್ಲಿ ಪುನರ್ವಸತಿ ಘಟಕದಲ್ಲಿ ಮೇಣದಬತ್ತಿ, ಬೇಕರಿ, ಹೊಲಿಗೆ ಇದೆ. ರೋಗಿಗಳ ಮುಖದಲ್ಲಿ ಬದಲಾವಣೆ ಕಾಣುತ್ತೆ.

ನೇಕಾರ ಮೊಮ್ಮಗ
@ವಾರ್ಡಿನಕ್ಕ ನಿಮ್ಮಲ್ಲಿ ಕೂಲಿ ಕೊಡ್ತೀರಿ ತಾನೇ? ಕಲ್ಕತ್ತಾದ ದುಲ್ಲುಂಡಾ ಆಸ್ಪತ್ರೆಯಲ್ಲಿ ರೋಗಿಗಳು ಗಾಣ ತಿರುಗಿಸಿ ತೆಗೆದ ಎಣ್ಣೆ ಮಾರಿ, ಆ ಲಾಭವನ್ನು ಆಸ್ಪತ್ರೆ ಖರ್ಚಿನಿಂದ ಕಳೆದು ತೋರಿಸ್ತಿದ್ರು. ಗಾಣಕ್ಕೆ ಎತ್ತಿನ ಬದಲು ಮನುಷ್ಯ! ವರದಿಯಲ್ಲಿ ಅದು 'ಉದ್ಯೋಗದಿಂದ ರೋಗಿಗಳ ಆರೋಗ್ಯ ಸುಧಾರಿಸಿದೆ' ಅಂತ ಬರುತ್ತೆ, ಪಕ್ಕದ ಕೋಷ್ಟಕದಲ್ಲಿ ಲಾಭದ ಮೊತ್ತ ಬರುತ್ತೆ. ಸೂಪರಿಂಟೆಂಡೆಂಟರಿಗೆ ಮೇಲಿನವರಿಂದ ಶಹಬ್ಬಾಸ್ ಸಿಕ್ಕಿದ್ದು ಯಾವುದಕ್ಕೆ ಅಂತ ನೀವೇ ಹೇಳಿ. ಸೆರೆಮನೆಯಲ್ಲಿ ಎಣ್ಣೆ ಗಾಣ ಶಿಕ್ಷೆ. ಅದೇ ಗಾಣ ಇಲ್ಲಿ ಮದ್ದು ಹೇಗಾಯ್ತು? ನಮ್ಮ ತಾತ ಮಗ್ಗದಲ್ಲಿ ಕೂತು ಬೆನ್ನು ಸವೆಸಿದವರು, ಕೆಲಸದ ಮರ್ಯಾದೆ ನನಗೆ ಗೊತ್ತು. ಆದ್ರೆ ಒಲ್ಲೆ ಅನ್ನೋ ಹಕ್ಕು ಇಲ್ಲದಿದ್ದರೆ ಅದು ಕೆಲಸ ಅಲ್ಲ.

ಗಡಿನಾಡ ಗುಬ್ಬಿ
@ನೇಕಾರ ಮೊಮ್ಮಗ ನಿಮ್ಮ ಮಾತು ನೂರಕ್ಕೆ ನೂರು ಒಪ್ಪಿದೆ.

ವಾರ್ಡಿನಕ್ಕ
ನಾನೂ ಒಪ್ತೀನಿ, ಕೂಲಿ ಇಲ್ಲದ ದುಡಿಮೆಯನ್ನ ಸಮರ್ಥಿಸ್ತಿಲ್ಲ. ಆದ್ರೆ ಕೆಲಸ ಇಲ್ಲದೆ ಇಡೀ ದಿನ ಗೋಡೆ ನೋಡ್ತಾ ಕೂತವರನ್ನೂ ನಾನು ನೋಡಿದ್ದೀನಿ. ಅದು ಇನ್ನೂ ಘೋರ.

ತೆಂಕಣಗಾಳಿ
ಬಿಳಿಯರಿಗೂ ಇದೇ ಆಸ್ಪತ್ರೆನಾ? ಅವರಲ್ಲೂ ಹುಚ್ಚು ಹಿಡಿದವರು ಇದ್ದಿರಬೇಕಲ್ಲ.

ಇತಿಹಾಸದ ಹಿಂದೆ
ಖಂಡಿತ ಇದ್ರು, ಅಸಲಿಗೆ ಶುರುವಾದದ್ದೇ ಅವರಿಗಾಗಿ. 1794ರ ಹೊತ್ತಿಗೆ ಮದ್ರಾಸಿನಲ್ಲಿ ವ್ಯಾಲೆಂಟೈನ್ ಕಾನಲಿ ಅನ್ನೋ ಸರ್ಜನ್ 16 ಜನರಿಗೆ ಅಂತ ಒಂದು ಮನೆ ಕಟ್ಟಿದ. ಖಾಸಗಿ ವ್ಯವಹಾರ, ಕಂಪನಿಯಿಂದ ಬಾಡಿಗೆ ಬರ್ತಿತ್ತು. ಕಲ್ಕತ್ತಾದಲ್ಲೂ 1817ರಲ್ಲಿ ಬಿಯರ್ಡ್ಸ್‌ಮೋರ್ ಅನ್ನೋನು ಹೀಗೇ ಖಾಸಗಿಯಾಗಿ ಶುರು ಮಾಡಿದ, ಅದೇ ಮುಂದೆ ಭವಾನಿಪುರದ ಯುರೋಪಿಯನ್ನರ ಆಸ್ಪತ್ರೆ ಆಯ್ತು. ಬಿಳಿಯ ರೋಗಿಗಳಲ್ಲಿ ಅನೇಕರನ್ನ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿಬಿಡ್ತಿದ್ರು. 1818ರಿಂದ ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಪೆಂಬ್ರೋಕ್ ಹೌಸ್, ಆಮೇಲೆ 1870ರಿಂದ 1892ರವರೆಗೆ ಈಲಿಂಗ್‌ನಲ್ಲಿ ರಾಯಲ್ ಇಂಡಿಯಾ ಅಸೈಲಂ. ಆಳುವ ಜನಾಂಗದವನು ಬೀದಿಯಲ್ಲಿ ಮತಿಗೆಟ್ಟು ಓಡಾಡೋದು ಆಳಿಸಿಕೊಳ್ಳೋರ ಕಣ್ಣಿಗೆ ಬೀಳಬಾರದು, ಅದೇ ದೊಡ್ಡ ಚಿಂತೆ.

ಸೋಮಣ್ಣ_ಹಾಸನ
ಅದೇನೇ ಇರಲಿ, ಬ್ರಿಟಿಷರು ಬರೋ ಮುಂಚೆ ನಮ್ಮಲ್ಲಿ ಯಾರನ್ನೂ ಹೀಗೆ ಕೂಡಿ ಹಾಕ್ತಿರಲಿಲ್ಲ. ಮನೆಯಲ್ಲೇ, ಊರಲ್ಲೇ ನೋಡ್ಕೋತಿದ್ರು. ದೇವಸ್ಥಾನಕ್ಕೆ ಕರ್ಕೊಂಡು ಹೋಗ್ತಿದ್ರು, ವೈದ್ಯರು ಇದ್ರು. ಚರಕಸಂಹಿತೆಯಲ್ಲಿ ಉನ್ಮಾದಕ್ಕೆ ಒಂದು ಅಧ್ಯಾಯವೇ ಇದೆ.

ಮಲೆಸೀಮೆ
@ಸೋಮಣ್ಣ_ಹಾಸನ ಅಧ್ಯಾಯ ಇದೆ, ಸತ್ಯ. ಆದ್ರೆ ಮನೆಯಲ್ಲಿ ಹೇಗೆ ನೋಡ್ಕೊಂಡ್ರು ಅನ್ನೋದು ನಮ್ಮ ಮನೆ ಕಥೆ ಕೇಳಿ. ನಮ್ಮಜ್ಜಿಯ ಚಿಕ್ಕಪ್ಪ ಒಬ್ಬರಿಗೆ ಬುದ್ಧಿ ಸ್ವಾಧೀನ ತಪ್ಪಿತ್ತು. ಕೊಟ್ಟಿಗೆಯ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ್ರು. ಬಾಳೆಲೆಯಲ್ಲಿ ಊಟ ತಂದು ದೂರದಿಂದ ತಳ್ಳೋರು. ಮಳೆಗಾಲದಲ್ಲಿ ಕಾಲಿಗೆ ಗಾಯ ಆಗಿ ಕೊಳೀತು. ಅಜ್ಜಿ ಚಿಕ್ಕ ಹುಡುಗಿ ಆಗಿದ್ದಾಗ ಹತ್ತಿರ ಹೋಗೋಕೆ ಬಿಡ್ತಿರಲಿಲ್ಲ, ಆದ್ರೆ ಅವರು ಹಾಡ್ತಿದ್ದ ಹಾಡು ಅಜ್ಜಿಗೆ ಕೊನೇವರೆಗೂ ಬಾಯಿಪಾಠ ಇತ್ತು. ಮನೆಯವರು ಕಟುಕರಾಗಿರಲಿಲ್ಲ. ಬೇರೆ ಏನು ಮಾಡೋಕೂ ಗೊತ್ತಿರಲಿಲ್ಲ. ಮನೆ ಅಂದ ತಕ್ಷಣ ಅಕ್ಕರೆ, ಆಸ್ಪತ್ರೆ ಅಂದ ತಕ್ಷಣ ಕ್ರೌರ್ಯ ಅಂತ ಹೇಳೋಕೆ ನನ್ನ ಕೈಲಾಗಲ್ಲ.

ಸೋಮಣ್ಣ_ಹಾಸನ
ಒಂದು ಮನೆ ಕಥೆಯಿಂದ ಇಡೀ ನಾಡಿನ ಬಗ್ಗೆ ತೀರ್ಪು ಕೊಡಬೇಡಿ. ಅಲೆದಾಡೋ ಹುಚ್ಚರಿಗೆ ಊರೂರಲ್ಲಿ ಅನ್ನ ಹಾಕ್ತಿದ್ರು, ಕೆಲವರನ್ನ ಅವಧೂತರು ಅಂತ ಪೂಜೆ ಮಾಡ್ತಿದ್ರು. ಅವರನ್ನೆಲ್ಲ ಹಿಡಿದು ಒಳಗೆ ಹಾಕಿದ್ದು ಪೊಲೀಸು. ಇದು ನಿಜ ತಾನೇ?

ಮಲೆಸೀಮೆ
ಅದು ನಿಜ. ಅದಕ್ಕೆ ನನ್ನ ತಕರಾರಿಲ್ಲ.

ಔಷಧಿವನ
ಚರಕನ ಮಾತು ಬಂದದ್ದಕ್ಕೆ ಒಂದು ವಿಷಯ ಸೇರಿಸ್ತೀನಿ. ಸರ್ಪಗಂಧದ ಬೇರನ್ನ ನಮ್ಮಲ್ಲಿ ಉನ್ಮಾದಕ್ಕೆ, ನಿದ್ದೆಗೆ ಕೊಡ್ತಿದ್ದದ್ದು ತಲೆಮಾರುಗಳಿಂದ ಇತ್ತು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ್ರು: ಉದ್ರೇಕದ ಹುಚ್ಚಿಗೂ ರಕ್ತದೊತ್ತಡಕ್ಕೂ ಉಪಯುಕ್ತ ಅಂತ. ಆಗ ದೊಡ್ಡ ಆಸ್ಪತ್ರೆಗಳಲ್ಲಿ ಇದ್ದದ್ದು ಬ್ರೋಮೈಡ್, ಕ್ಲೋರಲ್, ಪ್ಯಾರಾಲ್ಡಿಹೈಡ್, ಅಂದ್ರೆ ಮಲಗಿಸೋ ಔಷಧಿಗಳು. ಪಶ್ಚಿಮದವರು ಸರ್ಪಗಂಧದಿಂದ ರಿಸರ್ಪಿನ್ ಅನ್ನೋ ಔಷಧ ಬೇರ್ಪಡಿಸಿದ್ದು 1952ರಲ್ಲಿ. ಸ್ವಲ್ಪ ಕಾಲ ಇಡೀ ಜಗತ್ತಿನ ಮನೋರೋಗ ಆಸ್ಪತ್ರೆಗಳಲ್ಲಿ ಅದನ್ನೇ ಕೊಟ್ರು. ನಮ್ಮ ನೆಲದ ಬೇರು ನಮ್ಮ ಆಸ್ಪತ್ರೆಯೊಳಗೆ ಹೋಗೋಕೆ ಅಲ್ಲಿಂದ ಮೊಹರು ಬೀಳಬೇಕಾಯ್ತು.

ವಾರ್ಡಿನಕ್ಕ
ಮನೆಮದ್ದು ಅಂತ ಯಾರೂ ಪ್ರಯೋಗ ಮಾಡಬೇಡಿ ದಯವಿಟ್ಟು. ರಿಸರ್ಪಿನ್‌ನಿಂದ ರಕ್ತದೊತ್ತಡ ಕುಸಿಯುತ್ತೆ, ಖಿನ್ನತೆಯೂ ಬರಬಹುದು ಅಂತ ಎಚ್ಚರಿಕೆ ಇದೆ.

ಪೇಟೆ ಹುಡುಗ
ಬೆಂಗಳೂರಿನ ಕಥೆ ಯಾರೂ ಹೇಳ್ತಿಲ್ಲವಲ್ಲ. 1840ರ ದಶಕದ ಕೊನೆಗೆ, ಕಬ್ಬನ್ ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದಾಗ, ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅನ್ನೋ ಡಾಕ್ಟರು ಪೇಟೆಯಲ್ಲಿ ಶುರು ಮಾಡಿದ್ದು. 1881ರಲ್ಲಿ ರಾಜ್ಯ ಒಡೆಯರ ಕೈಗೆ ವಾಪಸ್ ಬಂದಮೇಲೂ ಅದು ಮೈಸೂರು ಸರ್ಕಾರದ್ದಾಗಿ ಮುಂದುವರೀತು. 1925ರಲ್ಲಿ ಹೆಸರು ಬದಲಾಗಿ ಮೆಂಟಲ್ ಹಾಸ್ಪಿಟಲ್ ಆಯ್ತು. ಡಾ. ನೊರೋನ್ಹಾ ಸೂಪರಿಂಟೆಂಡೆಂಟ್ ಆಗಿದ್ದ ಕಾಲ. ಇಕ್ಕಟ್ಟಿನ ಹಳೇ ಜಾಗ ಸಾಲದು ಅಂತ ಹೊಸೂರು ರಸ್ತೆ ಕಡೆ ದೊಡ್ಡ ಕ್ಯಾಂಪಸ್ ಕಟ್ಟಿ 1937ರ ಸುಮಾರಿಗೆ ಅಲ್ಲಿಗೆ ಹೋಯ್ತು. ಮಿರ್ಜಾ ಇಸ್ಮಾಯಿಲ್ ದಿವಾನರು. ಆಮೇಲೆ ಡಾ. ಎಂ.ವಿ. ಗೋವಿಂದಸ್ವಾಮಿ ಬಂದ್ರು. 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದಾಗ ಅವರೇ ಮೊದಲ ನಿರ್ದೇಶಕರು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್.

ಒಂದು ಸಂಸ್ಥಾನ ಮನಸ್ಸು ಮಾಡಿದ್ರೆ ಏನು ಮಾಡಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಸಾಧನಕೇರಿ
ಬರ್ರಿ, ಬೆಂಗಳೂರಿನ ಹೆಗ್ಗಳಿಕಿ ಶುರುವಾತು. ರೊಕ್ಕಾ ಎಲ್ಲಾ ಅಲ್ಲಿಗೇ ಹೋತು, ನಮ್ಮ ಧಾರವಾಡದ ದವಾಖಾನಿ ಎಷ್ಟ ವರ್ಷ ಹಂಗ ಬಿದ್ದಿತ್ತು ಅನ್ನೂದೂ ಹೇಳ್ರಿ.

ಪೇಟೆ ಹುಡುಗ
@ಸಾಧನಕೇರಿ ಅದನ್ನ ನಾನು ಅಲ್ಲಗಳೆಯಲ್ಲ. ನಿಮ್ಮದು ಬಾಂಬೆಯವರಿಗೆ ಗಡಿಮೂಲೆ, ಆಮೇಲೆ ನಮಗೂ ದೂರದ ಮೂಲೆ. ಎರಡೂ ಕಡೆಯಿಂದ ನಷ್ಟ ಆಗಿದ್ದು ನಿಮಗೇ.

ಸಾಧನಕೇರಿ
ಖರೇ ಮಾತು ಹೇಳಿದ್ರಿ.

ತೆಂಕಣಗಾಳಿ
ಹೆಂಗಸರ ಬಗ್ಗೆ ಯಾರಿಗಾದ್ರೂ ಗೊತ್ತಾ? ಕೋಷ್ಟಕಗಳಲ್ಲಿ ಗಂಡಸರೇ ಜಾಸ್ತಿ ಇದ್ದಾರೆ ಅಂತ ಎಲ್ಲೋ ಓದಿದ್ದೆ.

ಕಡತಪ್ರಿಯ
ಹೌದು, ನಾನು ನೋಡಿದ ಎಲ್ಲ ವರ್ಷಗಳಲ್ಲೂ ಹೆಂಗಸರು ತುಂಬಾ ಕಡಿಮೆ. ಅಂದ್ರೆ ಹೆಂಗಸರಿಗೆ ಹುಚ್ಚು ಕಡಿಮೆ ಇತ್ತು ಅಂತಲ್ಲ. ಬೀದಿಯಲ್ಲಿ ಸಿಕ್ಕವರನ್ನ ಹಿಡಿದು ತರೋ ವ್ಯವಸ್ಥೆ ಇದು, ಮನೆಯೊಳಗೆ ಕೋಣೆಯಲ್ಲಿ ಬೀಗ ಹಾಕಿಟ್ಟವಳು ಪೊಲೀಸರ ಕಣ್ಣಿಗೆ ಬೀಳಲ್ಲ. ಬಂದವರ ಕಸುಬಿನ ಕಾಲಂನಲ್ಲಿ ಭಿಕ್ಷುಕಿ, ಕೂಲಿ, ವೇಶ್ಯೆ ಅಂತೆಲ್ಲ ಇದೆ. ನೆಲೆ ಇಲ್ಲದವರು, ಕೇಳೋರಿಲ್ಲದವರು. ಮನೆಯವರು ಬಂದು ಮುಚ್ಚಳಿಕೆ ಬರೆದುಕೊಟ್ಟರೆ ಬಿಡುಗಡೆ ಸಾಧ್ಯ ಇತ್ತು, ಯಾರೂ ಬಾರದವರು ಅಲ್ಲೇ ಉಳಿದ್ರು.

ಕರಿಕೋಟು
ಅದಕ್ಕಿಂತ ಕೆಟ್ಟ ಗತಿ 'ಕ್ರಿಮಿನಲ್ ಲುನಾಟಿಕ್' ಅನ್ನಿಸಿಕೊಂಡವರದ್ದು. ಮತಿವಿಕಲತೆಯಲ್ಲಿ ಮಾಡಿದ ಕೃತ್ಯ ಅಪರಾಧ ಅಲ್ಲ ಅಂತ ದಂಡಸಂಹಿತೆಯ 84ನೇ ಕಲಂ 1860ರಿಂದಲೇ ಹೇಳುತ್ತೆ (ಈಗ ನ್ಯಾಯಸಂಹಿತೆಯ 22ನೇ ಕಲಂ). ಸರಿ, ಕೋರ್ಟು ನಿರ್ದೋಷಿ ಅಂತು. ಆಮೇಲೆ? ಆಸ್ಪತ್ರೆಗೆ ಹೋಗು, ಸರ್ಕಾರ ಬಿಡು ಅನ್ನೋವರೆಗೂ ಇರು. ಶಿಕ್ಷೆ ಆಗಿದ್ದರೆ ಒಂದು ಅವಧಿ ಅಂತ ಇರ್ತಿತ್ತು. ವಿಚಾರಣೆಗೇ ಯೋಗ್ಯ ಅಲ್ಲ ಅಂತ ಆದವರಂತೂ ಗುಣ ಆಗಿ ಕಟಕಟೆಗೆ ಬರೋವರೆಗೂ ತ್ರಿಶಂಕು.

ಕಾಲೇಜು ರಂಗ
ರಾಂಚಿ ವಿಷಯ ಹೇಳದಿದ್ರೆ ಈ ಚರ್ಚೆ ಪೂರ್ತಿ ಆಗಲ್ಲ. 1918ರಲ್ಲಿ ಅಲ್ಲಿ ಯುರೋಪಿಯನ್ನರಿಗೆ, ಆಂಗ್ಲೋ ಇಂಡಿಯನ್ನರಿಗೆ ಮಾತ್ರ ಅಂತ ಆಸ್ಪತ್ರೆ ತೆರೆದ್ರು. ಮರುವರ್ಷ ಬಂದ ಸೂಪರಿಂಟೆಂಡೆಂಟ್ ಬರ್ಕ್ಲಿ-ಹಿಲ್ ತೋಟ, ಆಟ, ಕರಕುಶಲ ಕೆಲಸ ಎಲ್ಲ ಸೇರಿಸಿ ಅದನ್ನ ಮಾದರಿ ಆಸ್ಪತ್ರೆ ಮಾಡಿದ. ಅಲ್ಲೇ ಹತ್ತಿರ ಕಾಂಕೆಯಲ್ಲಿ 1925ರಲ್ಲಿ ಭಾರತೀಯರಿಗೆ ಬೇರೆ ಆಸ್ಪತ್ರೆ. ಜನ ಎಷ್ಟೋ ಪಟ್ಟು ಹೆಚ್ಚು, ತಲೆಗೆ ಖರ್ಚು ಎಷ್ಟೋ ಕಡಿಮೆ. ಕಾಯಿಲೆ ಒಂದೇ, ಊರು ಒಂದೇ, ಗೋಡೆ ಬೇರೆ. ಕಾಂಕೆಯ ಮೊದಲ ಸೂಪರಿಂಟೆಂಡೆಂಟ್ ಜಾಲ್ ಎಡುಲ್ಜಿ ಧನಜೀಭಾಯ್, ಪಾರ್ಸಿ. ಹತ್ತು ಹದಿನೈದು ವರ್ಷ ಅದನ್ನ ನಡೆಸಿದ್ರು. ಯುರೋಪಿನಲ್ಲಿ ಹೊಸದಾಗಿ ಬಂದ ಚಿಕಿತ್ಸೆಗಳನ್ನ ಬೇಗನೆ ತಂದು ಪ್ರಯತ್ನಿಸಿ, ಫಲಿತಾಂಶ ಪ್ರಕಟಿಸ್ತಿದ್ರು. ಇಂಥವರ ಬಗ್ಗೆ ನಮ್ಮ ಪಠ್ಯಗಳಲ್ಲಿ ಒಂದು ಸಾಲೂ ಇಲ್ಲ ಅನ್ನೋದು ನನಗೆ ನಿಜವಾಗಿ ಸಂಕಟ.

ತೆಂಕಣಗಾಳಿ
ಹೊಸ ಚಿಕಿತ್ಸೆಗಳು ಅಂದ್ರೆ ಶಾಕ್ ಕೊಡೋದಾ?

ವಾರ್ಡಿನಕ್ಕ
ಅದಕ್ಕೂ ಮೊದಲಿನವು. ಸಿಫಿಲಿಸ್‌ನಿಂದ ಮೆದುಳು ಕೆಟ್ಟವರಿಗೆ ಬೇಕಂತಲೇ ಮಲೇರಿಯಾ ಜ್ವರ ಬರಿಸೋದು, ಆಮೇಲೆ 1930ರ ದಶಕದಲ್ಲಿ ಕಾರ್ಡಿಯಾಜೋಲ್ ಅನ್ನೋ ಔಷಧ ಚುಚ್ಚಿ ಸೆಳವು ಬರಿಸೋದು, ಇನ್ಸುಲಿನ್ ಕೊಟ್ಟು ಕೋಮಾಕ್ಕೆ ಒಯ್ಯೋದು. ವಿದ್ಯುತ್ ಚಿಕಿತ್ಸೆ ಇಟಲಿಯಲ್ಲಿ ಶುರುವಾದದ್ದೇ 1938ರಲ್ಲಿ, ನಮ್ಮಲ್ಲಿಗೆ ನಂತರ ಬಂತು. ಈಗ ಕೇಳೋಕೆ ಭಯ ಆಗುತ್ತೆ. ಆದ್ರೆ ಏನೂ ಮಾಡದೆ ಕೂಡಿಹಾಕೋದಷ್ಟೇ ಗೊತ್ತಿದ್ದ ಕಾಲದಲ್ಲಿ ಕೆಲವರಾದ್ರೂ ಎದ್ದು ಮನೆಗೆ ಹೋಗಬಹುದು ಅನ್ನೋ ಆಸೆ ಹುಟ್ಟಿಸಿದ್ದು ಇವೇ.

ಇತಿಹಾಸದ ಹಿಂದೆ
ಇಡೀ ದೇಶದ ಲೆಕ್ಕ ಬೇಕಿದ್ರೆ ದೇಶದ ಆರೋಗ್ಯ ವ್ಯವಸ್ಥೆ ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿ ನೋಡಿ. 40 ಕೋಟಿ ಜನಸಂಖ್ಯೆಗೆ ಮನೋರೋಗ ಆಸ್ಪತ್ರೆಗಳಲ್ಲಿ ಹತ್ತು ಸಾವಿರ ಚಿಲ್ಲರೆ ಹಾಸಿಗೆ, ಅಂದ್ರೆ 40,000 ಜನರಿಗೆ ಒಂದು. ಇಂಗ್ಲೆಂಡಿನಲ್ಲಿ ಆಗ ಸುಮಾರು 300 ಜನರಿಗೆ ಒಂದು. ಸಮಿತಿಗಾಗಿ ಆಸ್ಪತ್ರೆಗಳನ್ನ ಸುತ್ತಿ ನೋಡಿದ್ದು ರಾಂಚಿ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಮೂರ್ ಟೇಲರ್. ಬಹುಪಾಲು ಕಟ್ಟಡಗಳು ಕೂಡಿಡೋಕೆ ಅಂತಲೇ ಕಟ್ಟಿದವು, ಗುಣಪಡಿಸೋ ಯೋಚನೆ ಇಟ್ಟುಕೊಂಡು ಕಟ್ಟಿದವಲ್ಲ ಅಂತ ಅವರೇ ಬರೆದ್ರು. ಆಳಿದವರ ಅಧಿಕಾರಿಯೇ ಹೊರಡೋ ಹೊತ್ತಿಗೆ ಕೊಟ್ಟ ಸರ್ಟಿಫಿಕೇಟು ಇದು.

ನೇಕಾರ ಮೊಮ್ಮಗ
ಹೊರಟಮೇಲೆ ರೋಗಿಗಳನ್ನೂ ಪಾಲು ಮಾಡ್ಕೊಂಡ್ರಲ್ಲ. ಲಾಹೋರಿನ ಆಸ್ಪತ್ರೆಯಲ್ಲಿದ್ದ ಸುಮಾರು 450 ಹಿಂದೂ, ಸಿಖ್ ರೋಗಿಗಳನ್ನ 1950ರಲ್ಲಿ ಗಡಿ ದಾಟಿಸಿ ಅಮೃತಸರಕ್ಕೆ ತಂದ್ರು, ಇಲ್ಲಿನ ಮುಸ್ಲಿಂ ರೋಗಿಗಳನ್ನ ಅಲ್ಲಿಗೆ ಕಳಿಸಿದ್ರು. ವಿಭಜನೆ ಆಗಿ ಮೂರು ವರ್ಷ ಕಳೆದಿತ್ತು. ಎಲ್ಲಿಗೆ ಹೋಗ್ತೀರಿ ಅಂತ ಅವರನ್ನ ಕೇಳಿದವರು ಯಾರು?

ಸೋಮಣ್ಣ_ಹಾಸನ
ಇದು ನನಗೆ ಗೊತ್ತೇ ಇರಲಿಲ್ಲ. ಓದಿ ಹೊಟ್ಟೆ ಕಿವುಚಿದಂಗಾಯ್ತು.

ಕರಿಕೋಟು
ಎಲ್ಲ ತಪ್ಪನ್ನೂ ಬ್ರಿಟಿಷರ ತಲೆಗೆ ಕಟ್ಟೋರಿಗೆ ಒಂದು ಮಾತು. 1912ರ ಲುನಸಿ ಕಾಯ್ದೆ ನಮ್ಮ ದೇಶದಲ್ಲಿ ಜಾರಿಯಲ್ಲಿದ್ದದ್ದು 1993ರವರೆಗೆ. 1987ರಲ್ಲಿ ಹೊಸ ಕಾಯ್ದೆ ಪಾಸಾಯ್ತು, ಜಾರಿಗೆ ತರೋಕೆ ಇನ್ನೂ ಆರು ವರ್ಷ ತಗೊಂಡ್ರು. ಅಪರಾಧವೇ ಮಾಡದ ಮಾನಸಿಕ ಅಸ್ವಸ್ಥರನ್ನ ಜೈಲಲ್ಲಿ ಇಡೋದು ಕಾನೂನುಬಾಹಿರ ಅಂತ ಶೀಲಾ ಬಾರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದೂ 1993ರಲ್ಲೇ. ಅಂದ್ರೆ ಸ್ವಾತಂತ್ರ್ಯ ಬಂದು 46 ವರ್ಷ ಆದಮೇಲೂ ಇಡ್ತಿದ್ದೆವು. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಹಾಕಿದ್ದ 28 ಜನ ಬೆಂಕಿಗೆ ಸಿಕ್ಕಿ ಸತ್ತದ್ದು ಯಾವ ವೈಸರಾಯ್ ಕಾಲದಲ್ಲಿ? ರೋಗಿಗೆ ತನ್ನ ಚಿಕಿತ್ಸೆ ಬಗ್ಗೆ ಮಾತಾಡೋ ಹಕ್ಕು ಕಾನೂನಾಗಿ ಬಂದದ್ದು 2017ರ ಕಾಯ್ದೆಯಲ್ಲಿ, ಜಾರಿ 2018ರಲ್ಲಿ.

ಕಾಲೇಜು ರಂಗ
@ಕರಿಕೋಟು ಎಲ್ಲ ಒಪ್ಪಿದೆ, ಆದ್ರೆ ಆ ಚೌಕಟ್ಟು ಹಾಕಿದವರು ಯಾರು ಅನ್ನೋದನ್ನ ಬಿಡೋಕಾಗಲ್ಲ. ಪೊಲೀಸ್, ಮ್ಯಾಜಿಸ್ಟ್ರೇಟ್, ಗೋಡೆ, ಈ ಮೂರರ ದಾರಿ ಅವರದ್ದು.

ಕರಿಕೋಟು
ಹಾಕಿದವರು ಅವರು, ಬಿಡದೆ ಹಿಡ್ಕೊಂಡವರು ನಾವು. ಎರಡನ್ನೂ ಬರೀಬೇಕು.

ಮಲೆಸೀಮೆ
@ಕಡತಪ್ರಿಯ ವಾರ್ಷಿಕ ವರದಿಯಲ್ಲಿ ಒಬ್ಬೊಬ್ಬರ ಹೆಸರು ಇರುತ್ತಾ? ನಮ್ಮ ಕಡೆಯ ಇನ್ನೊಬ್ಬರನ್ನ ಧಾರವಾಡಕ್ಕೆ ಕಳಿಸಿದ್ರು ಅಂತ ಮನೆಯಲ್ಲಿ ಮಾತಿದೆ. ಹುಡುಕೋಕೆ ದಾರಿ ಇದೆಯಾ?

ಕಡತಪ್ರಿಯ
@ಮಲೆಸೀಮೆ ಮುದ್ರಿತ ವರದಿಯಲ್ಲಿ ಹೆಸರು ಇರಲ್ಲ, ಬರೀ ಸಂಖ್ಯೆ. ಎಲ್ಲೋ ಒಂದೊಂದು ಸಾವಿನ ಅಥವಾ ಓಡಿಹೋದ ಪ್ರಕರಣ ಬಂದಾಗ ಮಾತ್ರ ಹೆಸರು ಸಿಗಬಹುದು. ಧಾರವಾಡ ಆಗ ಬಾಂಬೆಗೆ ಸೇರಿದ್ದರಿಂದ ಸರ್ಕಾರದ ಪತ್ರವ್ಯವಹಾರ ಮುಂಬೈನ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು. ಜನರಲ್ ಡಿಪಾರ್ಟ್‌ಮೆಂಟ್ ಮತ್ತು ಜುಡಿಷಿಯಲ್ ಡಿಪಾರ್ಟ್‌ಮೆಂಟ್ ಸಂಪುಟಗಳ ಸೂಚಿಯಿಂದ ಶುರು ಮಾಡಿ. ಮೈಸೂರು ಸೀಮೆಯವರಾಗಿದ್ರೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ. ಸುಮಾರು ಯಾವ ಇಸವಿ ಅಂತ ಮನೆಯಲ್ಲಿ ಯಾರಿಗಾದ್ರೂ ನೆನಪಿದೆಯಾ? ಜಿಲ್ಲೆ, ತಾಲೂಕು ಗೊತ್ತಿದ್ರೆ ಇನ್ನೂ ಸುಲಭ.

ಮಲೆಸೀಮೆ
ಪ್ಲೇಗಿನ ವರ್ಷ ಅಂತ ಅಜ್ಜಿ ಹೇಳ್ತಿದ್ರು. ಸಿರಸಿ ಕಡೆ.

ಕಡತಪ್ರಿಯ
ಹಾಗಾದ್ರೆ 1896ರ ನಂತರದ ಸಂಪುಟಗಳು, ಕೆನರಾ ಜಿಲ್ಲೆ ಅಂತ ನೋಡಿ. ಸಿರಸಿ ಆಗ ಅದರಲ್ಲೇ ಇತ್ತು. ಆ ವರ್ಷಗಳ ಧಾರವಾಡದ ವಾರ್ಷಿಕ ವರದಿ ನಾನು ತೆಗೆದಿಡ್ತೀನಿ, ಪ್ಲೇಗಿನ ಬಗ್ಗೆ ಏನು ಬರೆದಿದ್ದಾರೆ ನೋಡಿ ಇಲ್ಲೇ ಹಾಕ್ತೀನಿ.